ತಂದವರು ಮೊದಲು ಕುಡಿಯಬೇಕು

೧೪ ಮಾರ್ಚ್ ೧೯೪೨, ಅಂಬೇವಾಡಿ (ದಾಂಡೇಲಿ)

ಇವತ್ತು ಗರಗಸದ ಶೆಡ್ಡಿನಲ್ಲಿ ಮೂವರು ನಡುಗುತ್ತ ಮಲಗಿಬಿಟ್ಟರು. ನಾಲ್ಕನೆಯವನು ನಾನೇ ಇರಬೇಕೆಂದು ಬೆಳಗಿನಿಂದ ನನ್ನ ನಾಡಿಯನ್ನು ನಾನೇ ಹಿಡಿದುಕೊಂಡು ಕೂತಿದ್ದೇನೆ. ಹತ್ತು ಗಂಟೆಗೆ ಎಂಬತ್ತೆರಡು. ಊಟವಾದ ಮೇಲೆ ತೊಂಬತ್ತು. ಹಿಡಿದು ಹಿಡಿದೇ ಏರಿತೋ ಏನೋ.

ದಾಂಡೇಲಿಗೆ ಬಂದು ಏಳು ತಿಂಗಳು. ಹಳಿಯಾಳದಿಂದ ಹೊರಡುವಾಗ ಅವ್ವ ಬಾಗಿಲಿಗೆ ಅಡ್ಡ ನಿಂತು, "ಅಡವ್ಯಾಗಿನ ಜ್ವರ ಆನಿನ್ನೂ ಬಿಡೂದಿಲ್ಲಂತ. ಬ್ಯಾಡೋ ಅಡಿವೆಯ್ಯಾ" ಎಂದಿದ್ದಳು. "ನಾ ರಸಾಯನಶಾಸ್ತ್ರ ಓದಿದಾಂವ, ಅಂಜೂದಿಲ್ಲ" ಎಂದು ದೊಡ್ಡದಾಗಿ ಹೇಳಿದ್ದೆ. ಸುಳ್ಳು. ನಾನು ಹುಟ್ಟಾ ಅಂಜುಬುರುಕ. ಈ ವಹಿಯನ್ನು ಓದುವವರು ಯಾರೂ ಇಲ್ಲವಾದ್ದರಿಂದ ಇಲ್ಲಿ ಒಪ್ಪಿಕೊಳ್ಳಬಹುದು.

ನನ್ನ ಕೆಲಸ ಅಂಟು ಮಾಡುವುದು. ಇಲ್ಲಿಯ ಕಾರ್ಖಾನೆಯಲ್ಲಿ ಚಹಾ ಪೆಟ್ಟಿಗೆಗೆ ತೆಳು ಹಲಗೆ ಸೀಳುತ್ತಾರೆ. ಮೂರು ಹಲಗೆ ಒಂದರ ಮೇಲೊಂದಿಟ್ಟು, ನೀರು ಬಿದ್ದರೂ ಬಿಡದ ಹಾಗೆ ಅಂಟಿಸಬೇಕು. ಯುದ್ಧದಿಂದ ವಿಲಾಯತಿ ಸರಕು ನಿಂತಿದೆ. ಅದಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಫಾರ್ಮಲಿನ್ ಜೊತೆ ಕುದಿಸಿ, ಸಣ್ಣ ಸಣ್ಣ ಕಣಗಳು ಒಂದರ ಕೈ ಒಂದು ಹಿಡಿದು ಉದ್ದ ಸರಪಳಿಯಾಗುವಂತೆ ಮಾಡುವ ವಿದ್ಯೆ ನನ್ನದು. ಮುಂಬಯಿಯಲ್ಲಿ ನಾಲ್ಕು ವರ್ಷ ಇದನ್ನೇ ಕಲಿತೆ. ಕಣಗಳು ಅವಸರದಲ್ಲಿ ಕೈ ಹಿಡಿದರೆ ಪಾತ್ರೆ ಕಾಯ್ದು ಸಿಡಿಯುತ್ತದೆ. ಅಲ್ಲಿ ಒಮ್ಮೆ ಸಿಡಿಯಿತು. ನಾನು ಬಾಗಿಲಿಗೆ ಹತ್ತಿರವಿದ್ದೆ, ಓಡಿದೆ. ಒಳಗೆ ಉಳಿದ ಜೈರಾಮನ ಎಡಗಣ್ಣು ಹೋಯಿತು. ಅವನನ್ನು ನೋಡಲು ಆಸ್ಪತ್ರೆಗೂ ನಾನು ಹೋಗಲಿಲ್ಲ.

ಸೊಳ್ಳೆಪರದೆಯಲ್ಲಿ ಎರಡು ತೂತು ಸಿಕ್ಕವು. ಹೊಲಿದೆ. ನಾಡಿ ಈಗ ಎಂಬತ್ತೆಂಟು.

೧೮ ಮಾರ್ಚ್

ದವಾಖಾನೆಯ ಕಂಪೌಂಡರ್ ಕರಿಬಸಪ್ಪ ಕ್ವಿನೈನಿನ ಬಾಟಲಿಯನ್ನು ಬೋರಲು ಮಾಡಿ ತೋರಿಸಿದ. ಒಂದು ಕಾಳೂ ಬೀಳಲಿಲ್ಲ.

"ಜಾವಾ ಜಪಾನಿಯವರ ಕೈಯಾಗ ಹೋತು. ಅಲ್ಲಿಂದನ ಬರ್ತಿತ್ರಿ ಇದು. ಇನ್ನ ಇದ್ದ ಚೂರುಪಾರು ದಂಡಿನವ್ರಿಗೆ. ನಿಮಗ ಜ್ವರ ಬಂದ್ರ ಬಾಳ ಅಂದ್ರ ತಲಿಮ್ಯಾಲೆ ತಣ್ಣೀರ ಅರಬಿ ಹಾಕ್ತೇನಿ, ಅಡಿವೆಯ್ಯನವರ" ಎಂದು ನಕ್ಕ. ಅವನಿಗೆ ನಗು ಬರುತ್ತದೆ.

ಹೆದರುವವರ ಮೇಲೆ ಕಪ್ಪೆ ಎಸೆಯುವುದೆಂದರೆ ಇದೇ. ಕೋಣೆಗೆ ಬಂದು ಪರದೆಯೊಳಗೆ ಕೂತೇ ಊಟ ಮಾಡಿದೆ.

೨೨ ಮಾರ್ಚ್

ಬಂತು.

೨೪ ಮಾರ್ಚ್

ಬರೆಯಲು ಶಕ್ತಿಯಿಲ್ಲ. ಮೊನ್ನೆ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ನಿನ್ನೆ ಬಿಟ್ಟಿತು, ಇವತ್ತು ಮತ್ತೆ ಅದೇ ಹೊತ್ತಿಗೆ. ಸಾಯುತ್ತೇನೆ ಎನಿಸಿ ಅವ್ವನಿಗೆ ಕಾಗದ ಬರೆದೆ, ಆಮೇಲೆ ಹರಿದೆ.

ಗೋಮಿಬಾಯಿ ಒಂದು ಹಿತ್ತಾಳೆ ಬಟ್ಟಲಲ್ಲಿ ಕಷಾಯ ತಂದಿದ್ದಳು. ಇವಳು ದಿಮ್ಮಿಗಳ ತೊಗಟೆ ಸುಲಿಯುವ ಹೆಣ್ಣಾಳು, ಚಿಗಳ್ಳಿಯ ಕಡೆಯ ತಾಂಡಾದವಳು. ಗಂಡ ಸೋಮಲಪ್ಪ ನಮ್ಮಲ್ಲೇ ಗರಗಸದವನು. ಜ್ವರ ಬಂದ ಕೂಲಿಯವರೆಲ್ಲ ಅವಳ ಕಷಾಯವನ್ನೇ ಕುಡಿಯುತ್ತಾರಂತೆ.

"ಕುಡೀರಿ ಅಯ್ಯಾರ. ಕಹಿ ಅಂತ ಮಾರಿ ಹಿಂಡಬ್ಯಾಡ್ರಿ" ಎಂದಳು.

ಕುಡಿಯಲಿಲ್ಲ. ನಾವು ಜಂಗಮರು, ಅವರ ಕೈಯ ನೀರು ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಮುಂಬಯಿಯಲ್ಲಿ ಯಾರ್ಯಾರದೋ ಕೈಯ ಚಹಾ ಕುಡಿದವನೇ ನಾನು, ಆದರೆ ಅಲ್ಲಿ ನನ್ನನ್ನು ಅಯ್ಯಾರ ಎಂದು ಕರೆಯುವವರು ಇರಲಿಲ್ಲ. ಆಮೇಲೆ ಕುಡಿಯುತ್ತೇನೆ, ಅಲ್ಲಿಡು ಎಂದೆ. ಅವಳಿಗೆ ತಿಳಿಯಿತು. ಬಟ್ಟಲನ್ನು ಎತ್ತಿಕೊಂಡು, "ಹಂಗಾರ ಗಿಡಾ ತೋರಸ್ತೇನಿ, ನೀವ ಕಾಸಿಕೊಳ್ರಿ. ಗಿಡಕ್ಕ ಮೈಲಿಗಿ ಇರೂದಿಲ್ಲ" ಎಂದು ಹೊರಟಳು.

೨೫ ಮಾರ್ಚ್

ಜ್ವರ ಬಿಟ್ಟ ದಿನ ನೋಡಿ, ಅವಳ ಹಿಂದೆ ಕಾಳಿ ಹೊಳೆಯ ದಂಡೆಗೆ ಹೋದೆ. ಏಳೆಲೆ ಹಾಲೆ ಮರ. ಗೊಂಚಲಿಗೆ ಏಳೇಳು ಎಲೆ. ನಾನು ಜೇಬಿನಿಂದ ಚಾಕು ತೆಗೆದರೆ ಕೈಮೇಲೆ ಹೊಡೆದೇ ಬಿಟ್ಟಳು.

"ಕಬ್ಬಿಣ ಹಚ್ಚಬಾರ್ದರಿ! ಕಲ್ಲಿಲೆ ಗುದ್ದಬೇಕು. ಹಾಲು ಬರ್ತೈತಿ. ಆ ಹಾಲು ಅಂಗೈಯಾಗ ಹಿಡದು ಸೂರ್ಯಾಗ ತೋರಸಬೇಕು. ಆಮ್ಯಾಲ ತೊಗಟಿ."

"ಯಾಕ?"

"ನಮ್ಮತ್ತಿ ಹಂಗ ಮಾಡ್ತಿದ್ಳು, ಅಕಿ ಅತ್ತಿನೂ ಹಂಗ ಮಾಡ್ತಿದ್ಳು. ಇನ್ನೊಂದ ಮಾತ ಐತಿ. ತಂದವ್ರು ಮೊದಲ ಕುಡೀಬೇಕು. ಕುಡದು ಒಂದ ತಾಸು ಎಲ್ಲಾರ ಮುಂದ ಕುಂತಿರಬೇಕು. ಅವ್ರು ಆರಾಮ ಅದಾರ ಅಂದ್ರ ಉಳದವ್ರು ಕುಡೀತಾರ."

ಕಬ್ಬಿಣ ತಾಗಿದರೆ ಒಗರು ತೊಗಟೆ ಕರಿಯಾಗುವುದು ನಿಜ, ಅದಕ್ಕೆ ಕಾರಣ ನಾನು ಹೇಳಬಲ್ಲೆ. ಉಳಿದದ್ದು ಹಳೆಯ ಕಾಲದ ಹುಚ್ಚು. ಆದರೂ ಅವಳು ಕಾಸಿ ಕುಡಿದು ಕೂತ ಒಂದು ತಾಸನ್ನು ಗಡಿಯಾರ ಹಿಡಿದು ನೋಡಿದೆ. ಆಮೇಲೆ ಅದೇ ತೊಗಟೆಯನ್ನು ನನ್ನ ಪಾತ್ರೆಯಲ್ಲಿ ಕಾಸಿ ಕುಡಿದೆ. ಅಯ್ಯೋ ಶಿವನೇ, ಕಹಿಯೆಂದರೆ ಕಹಿ.

೩೦ ಮಾರ್ಚ್

ಜ್ವರ ಬರಲಿಲ್ಲ. ಮೂರು ಸರದಿ ತಪ್ಪಿತು. ಕಷಾಯದಿಂದಲೋ, ತಾನಾಗಿಯೇ ಬಿಟ್ಟಿತೋ, ಒಬ್ಬನ ಮೇಲಿನ ಪ್ರಯೋಗದಿಂದ ಹೇಳುವಂತಿಲ್ಲ. ಹಾಗೆಂದು ಇಲ್ಲಿ ಬರೆಯುತ್ತಿದ್ದೇನೆ. ಮನಸ್ಸು ಮಾತ್ರ ಆಗಲೇ ಮುಂಬಯಿಯ ನಮ್ಮ ಪ್ರೊಫೆಸರರಿಗೆ ಕಾಗದ ಬರೆಯುತ್ತಿದೆ.

೭ ಏಪ್ರಿಲ್

ಎಷ್ಟು ದಿನವಾದ ಮೇಲೆ ಹೀಗೆ ಸಂತೋಷ! ಎರಡು ಸಂಗತಿ.

ಒಂದು, ಗೇರೆಣ್ಣೆಯ ಅಂಟು ನಿಂತಿತು. ಹಲಗೆ ಎರಡು ದಿನ ನೀರಲ್ಲಿದ್ದರೂ ಬಿಡಲಿಲ್ಲ. ಅಳಲೆಕಾಯಿಯ ಒಗರು ರಸ ಸೇರಿಸಿದ ಮೇಲೆ ಇನ್ನೂ ಗಟ್ಟಿ. ಎಣ್ಣೆ ತಾಗಿ ಬೆರಳಿಗೆಲ್ಲ ಬೊಬ್ಬೆ ಎದ್ದಿದೆ, ಎದ್ದರೆ ಏಳಲಿ.

ಎರಡು, ಹಾಲೆಯ ತೊಗಟೆಗೆ ಸುಣ್ಣ ಬೆರೆಸಿ, ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿ, ಇಂಗಿಸಿ ಒಂದು ಪುಡಿ ತೆಗೆದೆ. ಕ್ವಿನೈನಿನಂಥ ಕಹಿಸಾರ ಅದರಲ್ಲಿದ್ದರೆ ಪಾದರಸದ ದ್ರಾವಣ ಹನಿಸಿದಾಗ ಮೊಸರು ಒಡೆದ ಹಾಗೆ ಬೆಳ್ಳಗಾಗಬೇಕು. ಆಯಿತು! ಪುಡಿಯನ್ನು ಮೊದಲು ನಾನೇ ನೀರಿಗೆ ಹಾಕಿ ಕುಡಿದೆ, ಆಮೇಲೆ ನಾಲ್ವರು ಕೂಲಿಯವರು. ಮೂವರಿಗೆ ಜ್ವರ ಇಳಿಯಿತು. ಮ್ಯಾನೇಜರ್ ಸಾಹೇಬರು ಬೆನ್ನು ತಟ್ಟಿ, ಕೂಲಿಯವರ ಗುಡಿಸಲ ಸಾಲಿಗೆಲ್ಲ ಆಗುವಷ್ಟು ಮಾಡಿ ಎಂದರು.

ಹೊಸ ಔಷಧ. ಕೆಳಗೆ ನನ್ನ ಹೆಸರು. ಹೆದರಿಕೆ ಇವತ್ತು ಇಲ್ಲ ಎಂದು ಬರೆಯಲೂ ಹೆದರಿಕೆ.

೧೧ ಏಪ್ರಿಲ್

ಪಾಳಾ ಊರಿನ ಕಡೆಯಿಂದ ಒಣ ತೊಗಟೆ ಚಕ್ಕಡಿಯಲ್ಲಿ ಬರಲಿದೆ. ಒಣಗಿದ್ದೇ ಬೇಕು ಎಂದು ನಾನೇ ಹೇಳಿ ಕಳಿಸಿದ್ದು. ಹಸಿ ತೊಗಟೆಯಲ್ಲಿ ನೀರಿನ ತೂಕ ಸೇರಿ, ಎಷ್ಟಕ್ಕೆ ಎಷ್ಟು ಪುಡಿ ಬಂತೆಂದು ಬರೆಯಲು ಬರುವುದಿಲ್ಲ. ಪ್ರೊಫೆಸರರು ಕೇಳುವ ಮೊದಲನೆಯ ಪ್ರಶ್ನೆಯೇ ಅದು.

ಗೋಮಿಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಒಣಗಿದ್ದಕ್ಕ ಹಾಲು ಎಲ್ಲಿಂದ ಬರ್ತೈತ್ರಿ? ಯಾ ಗಿಡದ್ದು ಅಂತ ಹೆಂಗ ತಿಳೀತೈತಿ?"

"ನನ್ನ ಕಡೆ ಪಾದರಸದ ನೀರು ಐತಿ. ಅದು ಹೇಳ್ತೈತಿ."

"ಅದು ಗಿಡಾ ನೋಡೈತೇನ್ರಿ?"

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಓದದವರ ಜೊತೆ ವಾದಕ್ಕೆ ನಿಲ್ಲಬಾರದು.

೨೦ ಏಪ್ರಿಲ್

ಅಬ್ಬಾ! ಅದೇ ತೂಕದ ತೊಗಟೆಗೆ ಹಿಂದಿನದರ ಎರಡೂವರೆ ಪಾಲು ಪುಡಿ. ಪಾದರಸದ ದ್ರಾವಣ ಹನಿಸಿದೊಡನೆ ದಟ್ಟ ಬಿಳುಪು. ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿದೆ. ಬಾಯಿ ತೊಳೆದು ಬೆಲ್ಲ ತಿಂದರೂ ಕಹಿ ಹೋಗಲಿಲ್ಲ. ಒಣ ತೊಗಟೆಯಲ್ಲಿ ಸಾರ ಹೆಚ್ಚು ಎಂದು ಬರೆದುಕೊಂಡೆ.

ಈ ಸಲ ನಾನು ಕುಡಿಯಲಿಲ್ಲ. ನನಗೀಗ ಜ್ವರವಿಲ್ಲ, ಜ್ವರವಿಲ್ಲದವನು ಕುಡಿದರೆ ಔಷಧದ ಗುಣ ತಿಳಿಯುವುದಿಲ್ಲ. ಇದು ತರ್ಕ. ಹೆದರಿಕೆಯಲ್ಲ, ತರ್ಕವೇ.

ಇಪ್ಪತ್ತೇಳು ಪುಡಿಕೆ ಕಟ್ಟಿದೆ.

೨೧ ಏಪ್ರಿಲ್

ಸಂಜೆ ಗೋಮಿಬಾಯಿಯ ಕೈಯಲ್ಲಿ ಸಾಲಿಗೆಲ್ಲ ಹಂಚಿಸಿದೆ. ನಾಳೆ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಕುಡಿಯಬೇಕು. "ನೀವು ಕುಡದ್ರಿ?" ಎಂದು ಕೇಳಿದಳು. "ಹೋದ ಸಲ ಕುಡಿದಿಲ್ಲೇನು? ಅದ ಇದು" ಎಂದೆ. ಆಯ್ತ್ರಿ ಎಂದಳು.

೨೨ ಏಪ್ರಿಲ್

ಪ್ರಯೋಗದ ವಹಿಯ ಹಾಗೆ ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ತಲೆ ಕೆಡುತ್ತದೆ.

ಬೆಳಿಗ್ಗೆ ಏಳೂವರೆ. ಗೋಮಿಬಾಯಿ ಓಡಿ ಬಂದಳು. "ಅಯ್ಯಾರ, ಇಂವಾ ಬಿಲ್ಲಿನಾಂಗ ಬಾಗ್ಯಾನು. ಮುಟ್ಟಿದ್ರ ಸೆಟೀತಾನು. ಬರ್ರಿ!" ಸೋಮಲಪ್ಪ ಗುಡಿಸಲ ನೆಲದ ಮೇಲೆ ಅಂಗಾತ ಬಿದ್ದಿದ್ದ. ಹಿಮ್ಮಡಿ ಮತ್ತು ತಲೆಯ ಹಿಂಭಾಗ ಮಾತ್ರ ನೆಲಕ್ಕೆ ತಾಗಿದ್ದವು, ನಡು ಮೇಲೆದ್ದಿತ್ತು. ದವಡೆ ಕಚ್ಚಿತ್ತು. ಕಣ್ಣು ಪೂರ್ತಿ ಎಚ್ಚರವಿದ್ದವು, ನನ್ನನ್ನೇ ನೋಡುತ್ತಿದ್ದವು. ಜ್ವರದ ಸೆಳವಿನಲ್ಲಿ ಎಚ್ಚರ ಇರುವುದಿಲ್ಲ. ಇದು ಜ್ವರವಲ್ಲ. ಇದು ಕಾಸರಕ. ಹಾಲೆಯಷ್ಟೇ ಕಹಿಯಾದ ಇನ್ನೊಂದು ಮರ ಈ ಅಡವಿಯಲ್ಲಿದೆ, ಅದು ವಿಷ. ಒಣಗಿದ ತೊಗಟೆಯಲ್ಲಿ ಎರಡೂ ಬೂದಿಬಣ್ಣ.

ನನ್ನ ಕಾಲು ಬಾಗಿಲ ಕಡೆಗೆ ತಿರುಗಿದ್ದವು. ಇದನ್ನು ಮುಚ್ಚಿಡುವುದಿಲ್ಲ.

ಎಂಟು ಗಂಟೆ. ಬೆಳಕು, ಸಪ್ಪಳ, ಸ್ಪರ್ಶ ಯಾವುದಾದರೂ ಸೆಳವು ತರುತ್ತದೆ. ಬಾಗಿಲಿಗೆ ಗೋಣಿತಟ್ಟು ಕಟ್ಟಿಸಿದೆ, ಬೆಳಕಿಂಡಿಗೆ ನನ್ನ ಕಂಬಳಿ. ನೊಣ ಕೂತರೂ ಸೆಟೆಯುತ್ತಿದ್ದ, ಅದಕ್ಕೆ ಕೋಣೆಯಿಂದ ಸೊಳ್ಳೆಪರದೆ ತರಿಸಿ ಅವನ ಮೇಲೆ ಇಳಿಬಿಟ್ಟೆ. ಆದರೆ ದೊಡ್ಡ ಗರಗಸ ಕಿರ್ ಎಂದಾಗಲೆಲ್ಲ ಅವನು ಬಿಲ್ಲಾಗುತ್ತಿದ್ದ. ಎಂಜಿನ್ನಿನವನ ಹತ್ತಿರ ಹೋಗಿ ನಿಲ್ಲಿಸು ಎಂದೆ. ನಿಂತಿತು. ಯಾರ ಅಪ್ಪಣೆ ಎಂದು ಕೇಳಿದನಂತೆ, ನನ್ನದು ಎಂದೆನಂತೆ. ನನಗೆ ನೆನಪಿಲ್ಲ. ಮ್ಯಾನೇಜರ್ ಸಾಹೇಬರು ಶೆಡ್ಡಿಗೆ ಬಂದು ಕೂಗಾಡುತ್ತಿದ್ದರು, ಅವರ ಬಾಯಿಗೆ ಅಡ್ಡ ಕೈ ಹಿಡಿದೆ ಎಂದು ಈಗ ಜನ ಹೇಳುತ್ತಾರೆ. ಇದು ಸುಳ್ಳೇ ಇರಬೇಕು.

ಒಂಬತ್ತು. ಹೊಟ್ಟೆಯಲ್ಲಿ ಉಳಿದ ವಿಷವನ್ನು ಹಿಡಿಯಬೇಕು. ಒಗರು ಅದನ್ನು ಹಿಡಿದು ಗಸಿ ಮಾಡುತ್ತದೆ. ಅಂಟಿಗೆಂದು ಮಾಡಿಟ್ಟ ಅಳಲೆಕಾಯಿಯ ರಸ ಇತ್ತು. ಇದ್ದಿಲು ಭಟ್ಟಿಯಿಂದ ಇದ್ದಿಲು ತರಿಸಿ ಹಿಟ್ಟಿನಂತೆ ಅರೆಸಿದೆ. ಕರಿಬಸಪ್ಪ ಕ್ಲೋರೋಫಾರ್ಮ್ ಹನಿಸಿದ ಅರಿವೆ ಮೂಗಿಗೆ ಹಿಡಿದ. ದವಡೆ ಸಡಿಲಾದಾಗ ನಾಲ್ಕು ಚಮಚ, ಮತ್ತೆ ಕಚ್ಚಿದಾಗ ತಡೆದು, ಮತ್ತೆ ನಾಲ್ಕು.

ಹತ್ತೂವರೆ. ಕರಿಬಸಪ್ಪ ನನ್ನನ್ನು ಹಿಂದಕ್ಕೆ ಕರೆದ. ಪಿಸುಮಾತಿನಲ್ಲಿ, "ಜ್ವರ ನೆತ್ತಿಗೇರಿತು ಅಂತ ಹೊರಗಿನ ಮಂದಿಗೆ ಹೇಳೇನಿ, ಹಂಗ ಬರೀತೇನಿ. ಯಾರಿಗೂ ತಿಳಿಯೂದಿಲ್ಲ. ನೀವು ಸುಮ್ಮಕಿರ್ರಿ" ಎಂದ. ಅವನ ಕಾಲು ಹಿಡಿಯಬೇಕೆನ್ನುವಷ್ಟು ನೆಮ್ಮದಿಯಾಯಿತು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಆಯಿತು.

ಆಗ ನೆನಪಾಯಿತು, ಉಳಿದ ಪುಡಿಕೆಗಳು! ತಟ್ಟು ಸರಿಸಿ ಹೊರಗೆ ಬಂದರೆ ಸಾಲಿನವರೆಲ್ಲ ಅಂಗಳದಲ್ಲಿ ನಿಂತಿದ್ದರು, ಪುಡಿಕೆ ಕೈಯಲ್ಲಿ ಹಿಡಿದು. ಯಾರೂ ಕುಡಿದಿರಲಿಲ್ಲ. ಮುದುಕಿ ಗುರುಸಿದ್ದವ್ವ ಮುಂದೆ ಬಂದಳು.

"ತಂದವ್ರ ಮನಿಯಾಗ ಕುಡದು ಒಂದ ತಾಸ ಆಗ್ಲಿ ಅಂತ ಮುಂಜಾನಿಂದ ನಿಂತೇವ್ರಿ. ಹಂಚಿದಾಕಿ ಗಂಡ ಸೋಮಲ್ಯಾ ಕುಡದಾನು. ಇನ್ನ ನಾವು ಕುಡೀಬೇಕೋ, ಬ್ಯಾಡೋ?"

"ಬ್ಯಾಡ. ಎಲ್ಲಾ ತಿರಗಿ ಕೊಡ್ರಿ."

ಯಾರೂ ಕೈ ಚಾಚಲಿಲ್ಲ. ಗುರುಸಿದ್ದವ್ವ ಪುಡಿಕೆಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಕೊಟ್ಟ ಔಷಧ ಯಾಕ ಕಸಗೋತೀರಿ? ನನ್ನ ಮೊಮ್ಮಗಳು ಮಕ್ಕೊಂಡಾಳು. ಅವಂಗ ಜ್ವರ ನೆತ್ತಿಗೇರೈತಂತ ಕಂಪೌಂಡರ ಅಂದ. ಅಕಿಗೂ ಏರ್ಲೇನು?"

ಸುಮ್ಮನಿದ್ದರೆ ಆ ಪುಡಿಕೆ ಆ ಹುಡುಗಿಯ ಬಾಯಿಗೆ ಹೋಗುತ್ತಿತ್ತು. ನಾನು ಹೇಳಿದೆ. ನನ್ನ ದನಿ ಕೀಚಲಾಗಿತ್ತು. "ಇದು ವಿಷ. ಕಾಸರಕ ಕೂಡೈತಿ. ಸೋಮಲಪ್ಪಗ ಜ್ವರ ಏರಿಲ್ಲ, ಇದನ್ನ ಕುಡದಾನು. ಮಾಡಿದಾಂವ ನಾನು."

"ನೀವು ಕುಡದ್ರಿ?" ಎಂದು ಯಾರೋ ಕೇಳಿದರು.

"ಇಲ್ಲ."

ಕಲ್ಲು ಬೀಳುತ್ತದೆ ಎಂದುಕೊಂಡೆ, ಬೀಳಲಿಲ್ಲ. ಗುರುಸಿದ್ದವ್ವ ಪುಡಿಕೆಯನ್ನು ನನ್ನ ಕಾಲ ಹತ್ತಿರ ಉಗುಳಿದ ಹಾಗೆ ಎಸೆದಳು. ಒಬ್ಬೊಬ್ಬರೇ ಎಸೆದರು. ನಾನು ಬಗ್ಗಿ ಆರಿಸಿಕೊಂಡೆ. ತಿರುಗಿ ನೋಡಿದರೆ ಗೋಮಿಬಾಯಿ ತಟ್ಟಿನ ಸಂದಿಯಲ್ಲಿ ನಿಂತಿದ್ದಳು. ಎಲ್ಲ ಕೇಳಿದ್ದಳು. ಒಳಗೆ ಹೋದಳು.

ಮಧ್ಯಾಹ್ನದ ಮೇಲೆ ಸೆಳವಿನ ನಡುವಿನ ಅಂತರ ಹೆಚ್ಚಿತು. ಅವನ ನಾಡಿ ನೂರಾ ಮೂವತ್ತು, ನೂರಾ ಹದಿನೆಂಟು, ನೂರಾ ಇಪ್ಪತ್ತೆರಡು. ಗೋಮಿಬಾಯಿ ಚಹಾ ಕೊಟ್ಟಳು, ಬೆಲ್ಲ ಹೆಚ್ಚಾಗಿತ್ತು. ದೀಪ ಹಚ್ಚುವ ಹೊತ್ತಿಗೆ ಸೋಮಲಪ್ಪ "ನೀರು" ಎಂದ.

೨೩ ಏಪ್ರಿಲ್

ಬದುಕಿದ್ದಾನೆ. ಎರಡು ಸೆಳವು, ಸಣ್ಣವು.

ಒಂದು ಗಳಿಗೆ ಕೋಣೆಗೆ ಬಂದು, ಉಳಿದ ಪುಡಿಯ ಮೇಲೆ ನೈಟ್ರಿಕ್ ಆಮ್ಲದ ಒಂದು ಹನಿ ಬಿಟ್ಟೆ. ರಕ್ತಗೆಂಪು. ಕಾಸರಕಕ್ಕೆ ಇದು ಗುರುತು. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆಮ್ಲದ ಬಾಟಲಿ ಎರಡು ತಿಂಗಳಿನಿಂದ ಇದೇ ಹಲಗೆಯ ಮೇಲೆ, ಕೈಗೆ ಸಿಗುವಷ್ಟು ಹತ್ತಿರ ಇದೆ. ಪಾದರಸದ ನೀರು ಕಹಿಸಾರವುಂಟು ಎಂದಷ್ಟೇ ಹೇಳುತ್ತದೆ, ಯಾವ ಮರದ್ದೆಂದು ಹೇಳುವುದಿಲ್ಲ. ಹಾಲು ಹೇಳುತ್ತಿತ್ತು. ಕಾಸರಕದಲ್ಲಿ ಹಾಲಿಲ್ಲ. ಹಾಲು ಬತ್ತಿದ್ದೇ ಬೇಕು ಎಂದು ಕೇಳಿ ತರಿಸಿಕೊಂಡ ಜಾಣ ನಾನು.

ಕುಡಿಯುವ ಸರದಿಯೂ ನನ್ನದೇ ಆಗಿತ್ತು. ನಾನು ತರ್ಕ ಬರೆದುಕೊಂಡು ಕೂತೆ, ನನ್ನ ಪಾಲಿನದನ್ನು ಅವನು ಕುಡಿದ.

ಪುಡಿಕೆ ಎಣಿಸಿದೆ. ಹಂಚಿದ್ದು ಇಪ್ಪತ್ತೇಳು. ಸೋಮಲಪ್ಪ ಕುಡಿದದ್ದು ಒಂದು. ತಿರುಗಿ ಬಂದದ್ದು ಇಪ್ಪತ್ತೈದು. ಇನ್ನೊಂದು ಎಲ್ಲಿ?

೨೪ ಏಪ್ರಿಲ್

ಸಿಗಲಿಲ್ಲ. ಪ್ರತಿ ಗುಡಿಸಲಿಗೂ ಹೋದೆ. ಹಾಸಿಗೆ, ಗಡಿಗೆ, ಜಂತಿಯ ಸಂದಿ ಎಲ್ಲ ನೋಡಿದೆ. ಮಲಗಿದವರನ್ನು ಎಬ್ಬಿಸಿ ದವಡೆ ಮುಟ್ಟಿ ನೋಡಿದೆ. ಬಯ್ದರು. ಯಾವುದೋ ಗುಡಿಸಲಿನಲ್ಲಿ ಮಗುವೊಂದು ಅಳುತ್ತ ಬೆನ್ನು ಬಾಗಿಸಿತು, ಅದರ ದವಡೆಗೂ ಕೈ ಹಾಕಿದೆ. ಅದಕ್ಕೆ ಹಸಿವೆ.

ಉಳಿದ ಹೊತ್ತು ಸೋಮಲಪ್ಪನ ಹತ್ತಿರ ಕೂತಿದ್ದೆ. ಆಮ್ಲದ ನೀರಿಗೆ ಪುಡಿ ಕೆಂಪಾದದ್ದನ್ನು ಗಂಡಹೆಂಡಿರಿಗೆ ಹೇಳಿದೆ. ಗೋಮಿಬಾಯಿ ನನ್ನೊಡನೆ ಮಾತಾಡುವುದಿಲ್ಲ. ಹೊತ್ತು ಹೊತ್ತಿಗೆ ಚಹಾ ತಂದು ಮುಂದಿಡುತ್ತಾಳೆ, ಕುಡಿಯುವ ತನಕ ನಿಂತು ನೋಡುತ್ತಾಳೆ.

೨೫ ಏಪ್ರಿಲ್

ಮತ್ತೆ ಎಲ್ಲ ಮನೆ. ಇಲ್ಲ. ಯಾರಾದರೂ ಬಿಸಾಕಿದ್ದರೆ ಹಾಗೆಂದು ಹೇಳಬಾರದೇ? ಯಾರಾದರೂ ಮುಂದಿನ ಜ್ವರಕ್ಕೆಂದು ಬಚ್ಚಿಟ್ಟಿದ್ದರೆ? ನಾಳೆ ತೆಗೆದು ಕೂಸಿಗೆ ಕುಡಿಸಿದರೆ? ನಿದ್ದೆ ಎಂಬುದು ಇಲ್ಲ.

ಸೋಮಲಪ್ಪ ಗಂಜಿ ಕುಡಿದ.

೨೮ ಏಪ್ರಿಲ್

ಮ್ಯಾನೇಜರ್ ಸಾಹೇಬರು ಕರೆಸಿ, ಅಂಟಿನ ಕೆಲಸ ಬಿಟ್ಟು ಇನ್ನೇನನ್ನೂ ಮುಟ್ಟಕೂಡದು ಎಂದರು. ಹ್ಞೂಂ ಎಂದೆ. ಆಮೇಲೆ ಸಾಲಿಗೆ ಹೋದೆ, ಹಾಸಿಗೆ ಹಿಡಿದವರು ಈಗ ಹನ್ನೊಂದು ಜನ. ಗುರುಸಿದ್ದವ್ವನ ಮೊಮ್ಮಗಳ ಹಣೆ ಕೆಂಡ. ತಣ್ಣೀರ ಅರಿವೆ ಬದಲಿಸುತ್ತ ಸಂಜೆಯ ತನಕ ಅಲ್ಲೇ ಇದ್ದೆ. ಮುದುಕಿ ಬೇಡ ಎನ್ನಲಿಲ್ಲ, ಕೂಡ್ರಿ ಎಂದೂ ಅನ್ನಲಿಲ್ಲ. ನನಗೂ ಮತ್ತೆ ಜ್ವರ ಬರಬಹುದು. ಪರದೆ ಸೋಮಲಪ್ಪನ ಹತ್ತಿರವೇ ಉಳಿದಿದೆ, ತರಬೇಕು.

ಪುಡಿಕೆ ಸಿಕ್ಕಿಲ್ಲ.

೨ ಮೇ

ಸಿಕ್ಕಿತು.

ಸೋಮಲಪ್ಪ ಇವತ್ತು ಕೋಲು ಊರಿಕೊಂಡು ಹೊಳೆಯ ತನಕ ನಡೆದು ಬಂದ. ಅದನ್ನು ನೋಡಿ ನಾನು ಶೆಡ್ಡಿಗೆ ಬಂದೆ, ಹಿಂದೆಯೇ ಗೋಮಿಬಾಯಿ ಬಂದಳು. ಸೆರಗಿನ ತುದಿಯ ಗಂಟು ಬಿಚ್ಚಿ ಅಂಟಿನ ಪಾತ್ರೆಯ ಪಕ್ಕದಲ್ಲಿ ಪುಡಿಕೆಯನ್ನು ಇಟ್ಟಳು. ನಾನು ಕಟ್ಟಿದ್ದೇ, ಬಿಳಿ ನೂಲು.

"ನಿನ್ನ ಕಡೇನ ಇತ್ತೇನು? ನಾ ಇಷ್ಟು ದಿನಾ ಹುಚ್ಚಿನಾಂಗ..."

"ನೋಡೇನ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಂವಾ ಹೋಗಿದ್ರ ನಿಮ್ಮ ಚಹಾದಾಗ ಹಾಕಾಕಿದ್ದೆ. ಕಹಿ ಗೊತ್ತಾಗಬಾರ್ದಂತ ಬೆಲ್ಲಾ ಹೆಚ್ಚಿಗಿ ಹಾಕಿ ರೂಢಿ ಮಾಡಿದ್ದೆ."

ಆ ಮೂರು ದಿನದಲ್ಲಿ ಎಷ್ಟು ಬಟ್ಟಲು ಕುಡಿದೆನೋ. ಒಂದೊಂದಕ್ಕೂ ಅವಳು ನಿಂತು ನೋಡುತ್ತಿದ್ದಳು, ಒಳಗೆ ಅವನು ಉಸಿರಾಡುತ್ತಿದ್ದ.

"ಈಗ ಯಾಕ ಕೊಟ್ಟಿ?" ಎಂದೆ.

"ಹನ್ನೊಂದ ಮಂದಿ ಮಲಗ್ಯಾರ. ಗುರುಸಿದ್ದವ್ವನ ಮೊಮ್ಮಗಳು ಕಣ್ಣ ತಗಿವಲ್ಲಳು. ನನ್ನ ಕೈಲೆ ಹಂಚಿದ್ದು ನೋಡ್ರಿ, ಈಗ ನಾ ಕಾಸಿದ್ದೂ ಯಾರೂ ಕುಡಿಯಾಕ ಒಲ್ರು. ನೀವು ಬರಬೇಕು. ನಾಳೆ ಗಿಡಕ್ಕ ಹೋಗೂಣು. ಹಾಲು ನೀವ ಹಿಡೀರಿ, ಕೆಂಪ ಮಾಡೂ ನೀರೂ ತರ್ರಿ. ಎರಡೂ ನೋಡೂಣು."

ಪುಡಿಕೆಯನ್ನು ಒಲೆಗೆ ಹಾಕಿದೆ. ಎರಡು ಸಲ ಹೊರಗೆ ಬಿತ್ತು, ಎತ್ತಿ ಮತ್ತೆ ಹಾಕಿದೆ.

ಮುಂಬಯಿಗೆ ಎರಡು ಕಾಗದ ಬರೆದೆ. ಪ್ರೊಫೆಸರರಿಗೆ ನಡೆದದ್ದೆಲ್ಲ, ತೊಗಟೆ ಒಣಗಿಸಿದ್ದು ಸೇರಿ. ಇನ್ನೊಂದು ಜೈರಾಮನಿಗೆ. ಅದರಲ್ಲಿ ಏನು ಬರೆದೆನೆಂದು ಇಲ್ಲಿ ಬರೆಯುವುದಿಲ್ಲ.

೩ ಮೇ, ಕೂಲಿಯವರ ಸಾಲು, ಬೆಳಗಿನ ಎಂಟೂವರೆ ಗಂಟೆ

ವಹಿಯನ್ನು ಇಲ್ಲಿಗೇ ತಂದಿದ್ದೇನೆ, ಕೈಗೆ ಏನಾದರೂ ಕೆಲಸ ಬೇಕು.

ಕಲ್ಲಿನಿಂದ ಗುದ್ದಿದೆ. ಹಾಲು ಬಂತು. ಅಂಗೈಯಲ್ಲಿ ಹಿಡಿದು ಸೂರ್ಯನಿಗೆ ತೋರಿಸಿದೆ. ಗೋಮಿಬಾಯಿ ನೋಡಿ ಸರಿ ಎಂದಳು. ನೈಟ್ರಿಕ್ ಆಮ್ಲವನ್ನೂ ಹನಿಸಿದೆ, ರಕ್ತಗೆಂಪು ಆಗಲಿಲ್ಲ. ಇದು ಕ್ವಿನೈನ್ ಅಲ್ಲ, ಎಷ್ಟು ಜನಕ್ಕೆ ಗುಣ ಕೊಡುತ್ತದೋ ಗೊತ್ತಿಲ್ಲ. ಪುಡಿ ಮಾಡಲಿಲ್ಲ. ಅವಳೇ ಕಾಸಿದಳು.

ಅಂಗಳದಲ್ಲಿ ಎಲ್ಲರೂ ಕೂತಿದ್ದರು. ಗುರುಸಿದ್ದವ್ವ, "ಯಾರು ಮೊದಲ?" ಎಂದಳು. ಗೋಮಿಬಾಯಿಯ ಹಿತ್ತಾಳೆ ಬಟ್ಟಲು ತೆಗೆದುಕೊಂಡು ಕುಡಿದೆ. ಎಂಟು ಗಂಟೆ ಹತ್ತು ನಿಮಿಷಕ್ಕೆ.

ಆಗಿನಿಂದ ಅರವತ್ತು ಕಣ್ಣು ನನ್ನ ದವಡೆಯನ್ನೇ ನೋಡುತ್ತಿವೆ. ನಾನೂ ನಾಲಿಗೆಯಿಂದ ಒಳಗಿನಿಂದ ತಡವಿ ನೋಡಿಕೊಳ್ಳುತ್ತಿದ್ದೇನೆ. ಕುತ್ತಿಗೆ ಬಿಗಿದ ಹಾಗಿದೆ. ಹೆದರಿಕೆಗೋ, ಬೇರೆಯದಕ್ಕೋ. ಹಾಲು ನೋಡಿದ್ದೇನೆ, ಆಮ್ಲ ನೋಡಿದ್ದೇನೆ, ಆದರೂ ಬೆವರು ನಿಲ್ಲುತ್ತಿಲ್ಲ. ಅಂಜುಬುರುಕತನ ಹೋಗುವ ಗುಣವಲ್ಲ, ಅದು ಸಾಯುವ ತನಕ ಇದ್ದದ್ದೇ.

ಸೋಮಲಪ್ಪ ಕೋಲೂರಿಕೊಂಡು ಬಂದು ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. "ಇನ್ನ ಎಷ್ಟ ಹೊತ್ತ್ರಿ ಅಯ್ಯಾರ?"

"ಇಪ್ಪತ್ತು ನಿಮಿಷ."

"ಕೂಡೂಣು ತಗೋರಿ."

ಕೂತೆವು. ನಾನು ಗಡಿಯಾರ ನೋಡಿದೆ.

ತಾಸಾಯಿತು. ಬಟ್ಟಲು ತೊಳೆಯಲು ಎದ್ದೆ. ಸೋಮಲಪ್ಪ ಅದನ್ನು ನನ್ನ ಕೈಯಿಂದ ಹಾಗೇ ತೆಗೆದುಕೊಂಡು ಹೆಂಡತಿಯ ಕಡೆಗೆ ಚಾಚಿ, "ಹಾಕು" ಎಂದ. ಅವಳು ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಹಾಕಿದಳು. ಅವನು ಗಟಗಟ ಕುಡಿದ. ಅವನ ಕೈ ನಡುಗಲಿಲ್ಲ. ನನ್ನದು ಇನ್ನೂ ನಡುಗುತ್ತಿದೆ, ಅದಕ್ಕೇ ಅಕ್ಷರ ಹೀಗೆ.